ಗಡ್ಡೆಯನ್ನು ಕಾಯುತ್ತಿರುವುದು ನಮ್ಮದೇ ಜೀವಕೋಶಗಳೇ? ನಿಯಂತ್ರಕ ಟಿ ಕೋಶಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ ಕೇಳಿದವರು: ಮದ್ದೂರಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಹೇಳಿ, ಎರಡು ವರ್ಷಗಳ ಹಿಂದೆ ನಿವೃತ್ತನಾದವನು. ನಮ್ಮ ಅಣ್ಣನವರಿಗೆ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಆಗಿ, ಕಳೆದ ವರ್ಷ ಮೈಸೂರಿನಲ್ಲಿ ಆಪರೇಷನ್ ಮತ್ತು ರೇಡಿಯೇಷನ್ ಎರಡೂ ಆಗಿದ್ದವು. ಹರೆಯದಿಂದಲೂ ಗದ್ದೆ ಕೆಲಸದ ನಡುವೆ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕುತ್ತಿದ್ದವರು ಅವರು. ಈಗ ಕಾಯಿಲೆ ಕತ್ತಿನ ಭಾಗದಲ್ಲಿ ಮರುಕಳಿಸಿದೆ. ಮತ್ತೆ ಆಪರೇಷನ್ ಮಾಡುವ ಹಾಗಿಲ್ಲವೆಂದು ತಿಳಿಸಿರುವ ವೈದ್ಯರು, ಕೆಲವು ಮಾತ್ರೆಗಳ ಜೊತೆಗೆ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಇಂಜೆಕ್ಷನ್ನನ್ನು ಕಡಿಮೆ ಪ್ರಮಾಣದಲ್ಲಿ ಕೊಡಬಹುದು ಎಂದಿದ್ದಾರೆ.

ಆ ಔಷಧದ ವಿಚಾರ ಓದಲು ಹೊರಟಾಗ 2025ರ ವೈದ್ಯಕೀಯ ನೊಬೆಲ್ ಬಹುಮಾನದ ಸುದ್ದಿ ಎದುರಾಯಿತು. ಮೇರಿ ಬ್ರಂಕೋವ್, ಫ್ರೆಡ್ ರ್‍ಯಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ ಆ ಬಹುಮಾನ ಬಂದದ್ದು, ದೇಹದ ರೋಗನಿರೋಧಕ ವ್ಯವಸ್ಥೆಗೆ ಲಗಾಮು ಹಾಕುವ ನಿಯಂತ್ರಕ ಟಿ ಕೋಶಗಳ ಕುರಿತ ಸಂಶೋಧನೆಗಾಗಿ ಎಂದು ತಿಳಿಯಿತು. ಇದೇ ಕೋಶಗಳು ಕ್ಯಾನ್ಸರ್ ಗಡ್ಡೆಯೊಳಗೆ ಗುಂಪುಗೂಡಿ, ಗಡ್ಡೆಯ ಮೇಲೆ ದಾಳಿ ಮಾಡಬೇಕಾದ ಕೋಶಗಳನ್ನು ಸುಮ್ಮನಾಗಿಸುತ್ತವೆ ಎಂಬ ಮಾತನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಣ್ಣನ ದೇಹವೇ ಅಣ್ಣನ ಗಡ್ಡೆಗೆ ಕಾವಲು ನಿಂತಿದೆಯೇ? ಹಾಗಿದ್ದರೆ ಆ ಕೋಶಗಳನ್ನೇ ತೆಗೆದುಹಾಕಲು ಆಗುವುದಿಲ್ಲವೇ?

ಇನ್ನೊಂದು ಮಾತು. ‘ಇಮ್ಯುನಿಟಿ ಕಡಿಮೆಯಾಗಿದ್ದರಿಂದಲೇ ಮರುಕಳಿಸಿದೆ’ ಎಂದು ನೆಂಟರು ಅಮೃತಬಳ್ಳಿ ಕಷಾಯವನ್ನೂ, ಯಾರೋ ಕೊಟ್ಟ ಹೆಸರಿಲ್ಲದ ಪುಡಿಯನ್ನೂ ದಿನಾ ಕುಡಿಸುತ್ತಿದ್ದಾರೆ. ಇಂಜೆಕ್ಷನ್ ಕೂಡ ಇಮ್ಯುನಿಟಿಗೇ, ಕಷಾಯವೂ ಇಮ್ಯುನಿಟಿಗೇ, ಎರಡೂ ಸೇರಿದರೆ ಇನ್ನೂ ಒಳ್ಳೆಯದಲ್ಲವೇ ಎಂಬುದು ಅತ್ತಿಗೆಯವರ ವಾದ. ಅದಕ್ಕೆ ಏನು ಉತ್ತರ ಹೇಳಬೇಕೆಂದು ನನಗೆ ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಕುವೆಂಪುನಗರದ ಸಂಶೋಧಕಿ

ಮೇಷ್ಟ್ರೇ, ನಮಸ್ಕಾರ. ನಾನು ಮಾನಸಗಂಗೋತ್ರಿಯಲ್ಲಿ ಜೀವರಸಾಯನ ಶಾಸ್ತ್ರ ಓದಿ, ಈಗ ರೋಗನಿರೋಧಕ ವಿಜ್ಞಾನದಲ್ಲಿ ಕೆಲಸ ಮಾಡುತ್ತಿರುವವಳು. ಔಷಧದ ವಿಷಯವನ್ನು ವೈದ್ಯರಿಗೆ ಬಿಟ್ಟು, ಈ ಕೋಶಗಳು ಏನು ಮಾಡುತ್ತವೆ ಎಂಬುದನ್ನಷ್ಟೇ ಹೇಳುತ್ತೇನೆ. ಮೊದಲಿಗೇ ಒಂದು ವಿಚಾರ ನಿಮ್ಮ ಮನಸ್ಸಿನಲ್ಲಿ ನಿಲ್ಲಲಿ: ಈ ಕೋಶಗಳಿಲ್ಲದೆ ಯಾರೂ ಬದುಕಲಾರರು.

ಟಿ ಕೋಶಗಳೆಂದರೆ ರೋಗದ ಮೇಲೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು. ಅವು ಎದೆಗೂಡಿನ ಮೇಲ್ಭಾಗದ ಥೈಮಸ್ ಗ್ರಂಥಿಯಲ್ಲಿ ಬೆಳೆದು ಹೊರಬರುತ್ತವೆ. ನಮ್ಮದೇ ಅಂಗಾಂಶಗಳ ಮೇಲೆ ಏರಿಹೋಗುವಂಥವನ್ನು ಥೈಮಸ್ ಅಲ್ಲಿಯೇ ನಾಶಮಾಡುತ್ತದಾದರೂ ಆ ಜರಡಿಯಿಂದ ಕೆಲವು ನುಸುಳಿ ಬರುತ್ತವೆ. ಹುಟ್ಟಿ ಮೂರು ದಿನವಾದ ಇಲಿಮರಿಗಳ ಥೈಮಸ್ ತೆಗೆದುಹಾಕಿದರೆ ಅವುಗಳ ದೇಹವು ತನ್ನ ಮೇಲೆ ತಾನೇ ದಾಳಿ ಮಾಡಿಕೊಳ್ಳುತ್ತಿತ್ತು. ಆದರೆ ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಆ ಮರಿಗಳಿಗೆ ಚುಚ್ಚಿದಾಗ ಕಾಯಿಲೆ ತಪ್ಪುತ್ತಿತ್ತು. ಅಂದರೆ ಟಿ ಕೋಶಗಳ ನಡುವೆಯೇ ದಾಳಿಯನ್ನು ತಡೆಯುವ ಒಂದು ವರ್ಗ ಇರಲೇಬೇಕಿತ್ತು. 1970ರ ದಶಕದಲ್ಲಿ ಇಂಥ ಕೋಶಗಳಿವೆ ಎಂದು ಹೇಳಿದವರ ಪುರಾವೆಗಳು ಮುಂದೆ ನಿಲ್ಲದೆ ಹೋದದ್ದರಿಂದ, ಆ ಮಾತೆತ್ತುವುದಕ್ಕೇ ವಿಜ್ಞಾನಿಗಳು ಹಿಂಜರಿಯುತ್ತಿದ್ದ ಕಾಲ ಅದು. ಸಕಾಗುಚಿ ಪಟ್ಟು ಬಿಡದೆ ಹುಡುಕಿ, 1995ರಲ್ಲಿ ಆ ವರ್ಗವನ್ನು ಸಿಡಿ25 ಎಂಬ ಗುರುತಿನಿಂದ ಬೇರ್ಪಡಿಸಿ ತೋರಿಸಿದರು. ಬ್ರಂಕೋವ್ ಮತ್ತು ರ್‍ಯಾಮ್ಸ್‌ಡೆಲ್ ಹೊರಟದ್ದು ಬೇರೆ ದಾರಿಯಿಂದ. ಸ್ಕರ್ಫಿ ಎಂಬ ಇಲಿ ತಳಿಯಲ್ಲಿ ಗಂಡು ಮರಿಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಅದಕ್ಕೆ ಕಾರಣವಾದ ಫಾಕ್ಸ್‌ಪಿ3 ಜೀನನ್ನು ಅವರು 2001ರಲ್ಲಿ ಪತ್ತೆಮಾಡಿದರು. ಅದೇ ಜೀನು ಕೆಟ್ಟರೆ ಮನುಷ್ಯರ ಗಂಡು ಶಿಶುಗಳಲ್ಲಿ ಕರುಳು, ಚರ್ಮ, ಹಾರ್ಮೋನು ಗ್ರಂಥಿಗಳ ಮೇಲೆ ದೇಹವೇ ದಾಳಿ ಮಾಡುವ ಐಪೆಕ್ಸ್ ಎಂಬ ಘೋರ ಕಾಯಿಲೆ ಬರುತ್ತದೆಂಬುದೂ ಗೊತ್ತಾಯಿತು. ನಿಯಂತ್ರಕ ಟಿ ಕೋಶಗಳನ್ನು ರೂಪಿಸುವ ಮುಖ್ಯ ಜೀನು ಫಾಕ್ಸ್‌ಪಿ3 ಎಂದು 2003ರಲ್ಲಿ ಖಚಿತವಾದಾಗ ಈ ಎರಡು ದಾರಿಗಳೂ ಕೂಡಿದವು.

ಈಗ ಗಡ್ಡೆಯ ಮಾತು. ಕ್ಯಾನ್ಸರ್ ಕೋಶ ಹೊರಗಿನಿಂದ ಬಂದದ್ದಲ್ಲ. ಎಷ್ಟೇ ಕೆಟ್ಟಿದ್ದರೂ ಅದು ನಮ್ಮದೇ ಅಂಗಾಂಶದ ಮಗು, ಅದರ ಮೈಮೇಲಿರುವ ಗುರುತುಗಳಲ್ಲಿ ಬಹುಪಾಲು ನಮ್ಮವೇ. ಆದ್ದರಿಂದ ‘ನಮ್ಮವರ ಮೇಲೆ ಕೈ ಮಾಡಬೇಡಿ’ ಎಂದು ಹೇಳುವುದೇ ಕೆಲಸವಾಗಿರುವ ಕೋಶಗಳು ಅಲ್ಲಿಯೂ ಅದನ್ನೇ ಹೇಳುತ್ತವೆ. ಅದರ ಜೊತೆಗೆ, ಗಡ್ಡೆಯ ಕೋಶಗಳೂ ಅವುಗಳ ಸುತ್ತ ಸೇರಿರುವ ಮ್ಯಾಕ್ರೊಫೇಜ್ ಕೋಶಗಳೂ ಸಿಸಿಎಲ್22 ಎಂಬ ರಾಸಾಯನಿಕವನ್ನು ಸುರಿಸಿ ನಿಯಂತ್ರಕ ಕೋಶಗಳನ್ನು ತಮ್ಮತ್ತ ಕರೆಯುತ್ತವೆ. 2004ರಲ್ಲಿ ಅಂಡಾಶಯದ ಕ್ಯಾನ್ಸರ್ ಇದ್ದ 104 ಮಹಿಳೆಯರ ಅಧ್ಯಯನವೊಂದು ಈ ಕರೆಯನ್ನು ತೋರಿಸಿಕೊಟ್ಟಿತಲ್ಲದೆ, ಗಡ್ಡೆಯಲ್ಲಿ ನಿಯಂತ್ರಕ ಕೋಶಗಳು ಹೆಚ್ಚಿದ್ದವರ ಬದುಕಿನ ಅವಧಿ ಕಡಿಮೆಯಾಗಿತ್ತೆಂದೂ ತಿಳಿಸಿತು. ರಕ್ತದಲ್ಲಿ ಸಿಡಿ4 ಎಂಬ ಗುರುತಿರುವ ಟಿ ಕೋಶಗಳ ಪೈಕಿ ಇವುಗಳ ಪಾಲು ಸುಮಾರು ಶೇ 5ರಿಂದ 10. ಗಡ್ಡೆಯೊಳಗೆ ಅದು ಹಲವು ಪಟ್ಟು ಏರಬಲ್ಲದು.

ಇವು ದಾಳಿಯನ್ನು ತಡೆಯುವ ಬಗೆಯನ್ನು ನಾನು ವಿದ್ಯಾರ್ಥಿಗಳಿಗೆ ನಮ್ಮ ವಿಶ್ವೇಶ್ವರಯ್ಯ ನಾಲೆಯ ಉದಾಹರಣೆಯಿಂದಲೇ ಹೇಳುವುದು. ದಾಳಿ ಮಾಡುವ ಟಿ ಕೋಶ ಬೆಳೆಯಲು ಐಎಲ್-2 ಎಂಬ ಪ್ರೋಟೀನು ಬೇಕು. ಸಕಾಗುಚಿ ಗುರುತಿಸಿದ ಸಿಡಿ25 ಎಂಬುದು ಈ ಐಎಲ್-2ನ್ನು ಹಿಡಿಯುವ ಬಾಯಿಯ ಒಂದು ಭಾಗ. ನಿಯಂತ್ರಕ ಕೋಶಗಳ ಮೈಮೇಲೆ ಇದು ಸದಾ ದಟ್ಟವಾಗಿರುತ್ತದೆ, ಆದರೆ ತಾವಾಗಿ ಅವು ಐಎಲ್-2 ತಯಾರಿಸುವುದಿಲ್ಲ. ನಾಲೆಯ ತಲೆಭಾಗದಲ್ಲಿ ದೊಡ್ಡ ತೂಬು ಇಟ್ಟುಕೊಂಡವರು ನೀರು ಎಳೆದುಕೊಂಡರೆ ಮಳವಳ್ಳಿಯ ಕೊನೆಭಾಗದ ಗದ್ದೆಗೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗಡ್ಡೆಯೊಳಗೆ ಕೊಲ್ಲುವ ಕೋಶಗಳು ಹಾಗೆಯೇ ಬತ್ತುತ್ತವೆ. ಎರಡನೆಯ ಬಗೆ ಇನ್ನೂ ಸೂಕ್ಷ್ಮವಾದದ್ದು. ಡೆಂಡ್ರೈಟಿಕ್ ಕೋಶವು ಶತ್ರುವಿನ ತುಣುಕನ್ನು ಟಿ ಕೋಶಕ್ಕೆ ತೋರಿಸುವಾಗ, ಜೊತೆಯಲ್ಲಿ ಸಿಡಿ80 ಮತ್ತು ಸಿಡಿ86 ಎಂಬ ಎರಡು ಗುರುತುಗಳನ್ನೂ ತೋರಿಸಿದರೆ ಮಾತ್ರ ಟಿ ಕೋಶಕ್ಕೆ ಪೂರ್ಣ ಅಪ್ಪಣೆ ಸಿಕ್ಕಂತೆ. ನಿಯಂತ್ರಕ ಕೋಶವು ತನ್ನ ಮೈಮೇಲಿನ ಸಿಟಿಎಲ್‌ಎ-4 ಎಂಬ ಕೊಂಡಿಯಿಂದ ಆ ಗುರುತುಗಳನ್ನು ಹಿಡಿದು ಕಿತ್ತು ನುಂಗಿಬಿಡುತ್ತದೆ. ತುಣುಕು ಕಾಣುತ್ತದೆ, ಅಪ್ಪಣೆ ಇರುವುದಿಲ್ಲ. ಟಿ ಕೋಶ ಅಲ್ಲಿಯೇ ಮಂಕಾಗುತ್ತದೆ. ಇದಲ್ಲದೆ ಐಎಲ್-10, ಟಿಜಿಎಫ್-ಬೀಟಾ, ಅಡೆನೊಸಿನ್ ಮುಂತಾದ ಶಾಮಕ ವಸ್ತುಗಳನ್ನು ಸುತ್ತಲೂ ಹರಡುವುದೂ ಉಂಟು.

ಹೀಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೌದು, ಅಣ್ಣನವರ ದೇಹದ ಕೋಶಗಳೇ ಗಡ್ಡೆಗೆ ನೆರಳಾಗಿರಬಹುದು. ಆದರೆ ಅವು ದ್ರೋಹ ಮಾಡುತ್ತಿಲ್ಲ. ಊರಿನ ನೀರುಗಂಟಿ ಬಂದ ಆದೇಶದಂತೆ ತೂಬು ಮುಚ್ಚುತ್ತಾನೆ. ಆದೇಶವನ್ನು ಯಾರು ಬರೆದರು ಎಂಬುದು ಅವನಿಗೆ ಗೊತ್ತಿರುವುದಿಲ್ಲ.

ಉತ್ತರ: ಕ್ಯಾನ್ಸರ್ ವಿಭಾಗದ ವೈದ್ಯ, ಮೈಸೂರು

ಮೇಡಂ ಅವರ ವಿವರಣೆ ಬಹಳ ಚೆನ್ನಾಗಿದೆ. ಆದರೆ ಮೇಷ್ಟ್ರಿಗೆ ಅದನ್ನು ತಮ್ಮ ಅಣ್ಣನವರ ಕಾಯಿಲೆಗೆ ನೇರವಾಗಿ ಅನ್ವಯಿಸಿಕೊಳ್ಳಬೇಡಿ ಎಂದು ಹೇಳಲೇಬೇಕಾಗಿದೆ. ಅಂಡಾಶಯದಲ್ಲಿ ಕಂಡದ್ದು ಎಲ್ಲ ಕ್ಯಾನ್ಸರಿನಲ್ಲಿಯೂ ಕಾಣುವುದಿಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ, ಹಾಗೆಯೇ ಬಾಯಿಯೂ ಸೇರಿದಂತೆ ತಲೆ-ಕತ್ತಿನ ಭಾಗದ ಕ್ಯಾನ್ಸರಿನಲ್ಲಿ, ಫಾಕ್ಸ್‌ಪಿ3 ಇರುವ ಕೋಶಗಳು ಗಡ್ಡೆಯಲ್ಲಿ ಹೆಚ್ಚಾಗಿದ್ದವರೇ ಹೆಚ್ಚು ಕಾಲ ಬದುಕಿದ್ದನ್ನು ಹಲವು ಅಧ್ಯಯನಗಳು ಕಂಡಿವೆ. ಕರುಳಿನ ಮಟ್ಟಿಗೆ ಒಂದು ಕಾರಣವನ್ನು ಊಹಿಸಬಹುದು: ಅಲ್ಲಿ ಬ್ಯಾಕ್ಟೀರಿಯಾಗಳಿಂದ ಸದಾ ಕುದಿಯುವ ಉರಿಯೂತವೇ ಗಡ್ಡೆಗೆ ಗೊಬ್ಬರವಾಗುವುದರಿಂದ, ಅದನ್ನು ತಣಿಸುವ ಕೋಶ ರೋಗಿಗೆ ಉಪಕಾರವನ್ನೇ ಮಾಡುತ್ತಿರಬಹುದು. ಇನ್ನೊಂದು ಕಾರಣ ಅಳತೆಯಲ್ಲಿಯೇ ಇದೆ. ಮನುಷ್ಯರಲ್ಲಿ ದಾಳಿಗೆ ಸಿದ್ಧವಾದ ಟಿ ಕೋಶವೂ ಸ್ವಲ್ಪ ಕಾಲ ಫಾಕ್ಸ್‌ಪಿ3 ತೋರಿಸುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಫಾಕ್ಸ್‌ಪಿ3ನ್ನು ತೋರಿಸುವ ಬಣ್ಣ ಹಿಡಿದ ಕೋಶಗಳೆಲ್ಲ ನಿಯಂತ್ರಕ ಕೋಶಗಳೇ ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ.

‘ತೆಗೆದುಹಾಕಲು ಆಗುವುದಿಲ್ಲವೇ’ ಎಂಬ ಪ್ರಶ್ನೆಯನ್ನು ನಮ್ಮ ಕ್ಷೇತ್ರವೂ ಕೇಳಿಕೊಂಡು ಬಂದಿದೆ. ಇಲಿಗಳಲ್ಲಿ ಸಿಡಿ25 ಕೋಶಗಳನ್ನು ಅಳಿಸಿದಾಗ ಗಡ್ಡೆಗಳು ಕರಗಿದ್ದು 1999ರಲ್ಲಿಯೇ ವರದಿಯಾಯಿತು. ಮನುಷ್ಯರಲ್ಲಿ ಅದು ಅಷ್ಟು ಸುಲಭವಲ್ಲ, ಏಕೆಂದರೆ ದಾಳಿ ಮಾಡುವ ಕೋಶವೂ ಕೆಲಸಕ್ಕಿಳಿದಾಗ ಸಿಡಿ25 ಧರಿಸುತ್ತದೆ. ಕಳೆ ಕೀಳಲು ಹೋಗಿ ಪೈರನ್ನೂ ಕಿತ್ತಂತಾಗುತ್ತದೆ. ಸೈಕ್ಲೊಫಾಸ್ಫಮೈಡ್ ಎಂಬ ಹಳೆಯ ಕೀಮೋ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ನಿಯಂತ್ರಕ ಕೋಶಗಳು ಕಡಿಮೆಯಾಗುತ್ತವೆ, ಆದರೆ ಆ ಪರಿಣಾಮ ಉಳಿಯುವುದಿಲ್ಲ. ಸಿಸಿಎಲ್22ರ ಕರೆಯನ್ನು ಕೇಳಿಸಿಕೊಳ್ಳುವ ಸಿಸಿಆರ್4 ಮೇಲೆ ಕೆಲಸ ಮಾಡುವ ಮೊಗಮುಲಿಜುಮ್ಯಾಬ್ ಎಂಬ ಪ್ರತಿಕಾಯಕ್ಕೆ ಜಪಾನಿನಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು, ಅದೂ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ. ಈಗ ನನಗೆ ಹೆಚ್ಚು ಆಸೆ ಹುಟ್ಟಿಸಿರುವುದು ಸಿಸಿಆರ್8 ಎಂಬ ಇನ್ನೊಂದು ಗುರುತು. ಗಡ್ಡೆಯೊಳಗೆ ನೆಲೆಸಿದ ನಿಯಂತ್ರಕ ಕೋಶಗಳಲ್ಲಿ ಇದು ದಟ್ಟವಾಗಿದ್ದು, ರಕ್ತದಲ್ಲಿರುವವುಗಳಲ್ಲಿ ವಿರಳ. ಇಡೀ ದೇಹದ ಲಗಾಮನ್ನು ಕಡಿಯದೆ ಗಡ್ಡೆಯೊಳಗಿನದನ್ನಷ್ಟೇ ಸಡಿಲಿಸುವ ದಾರಿ ಅಲ್ಲಿರಬಹುದೆಂದು ಹಲವು ಪ್ರತಿಕಾಯಗಳ ಪ್ರಯೋಗ ನಡೆಯುತ್ತಿದೆ.

ನಿಮ್ಮ ಅಣ್ಣನವರಿಗೆ ಹೇಳಿರುವ ನಿವೊಲುಮ್ಯಾಬ್ ನಿಯಂತ್ರಕ ಕೋಶಗಳನ್ನು ಕೊಲ್ಲುವ ಔಷಧವಲ್ಲ. ದಾಳಿ ಮಾಡುವ ಟಿ ಕೋಶಗಳಿಗೆ ಪಿಡಿ-1 ಎಂಬ ತಮ್ಮದೇ ಬ್ರೇಕು ಇರುತ್ತದೆ, ಅದನ್ನು ಗಡ್ಡೆ ಒತ್ತಿಹಿಡಿಯದಂತೆ ಈ ಔಷಧ ತಡೆಯುತ್ತದೆ. ಸಿಟಿಎಲ್‌ಎ-4 ಮೇಲೆ ಕೆಲಸ ಮಾಡುವ ಇಪಿಲಿಮುಮ್ಯಾಬ್ ಬೇರೆ. ಅದಕ್ಕೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈ ಎರಡು ಬ್ರೇಕುಗಳ ಸಂಶೋಧನೆಗೇ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂದದ್ದು. ಪಿಡಿ-1 ನಿಯಂತ್ರಕ ಕೋಶಗಳ ಮೇಲೂ ಇರುತ್ತದೆ ಎಂಬುದು ನಮ್ಮನ್ನು ಎಚ್ಚರವಾಗಿಡುವ ಸಂಗತಿ. ಹೊಟ್ಟೆಯ ಕ್ಯಾನ್ಸರಿನ ಕೆಲವು ರೋಗಿಗಳಲ್ಲಿ ಔಷಧವು ಅವುಗಳಿಗೇ ಬಲ ಕೊಟ್ಟು, ಕಾಯಿಲೆ ಇದ್ದಕ್ಕಿದ್ದಂತೆ ವೇಗ ಪಡೆದದ್ದನ್ನು ಜಪಾನಿನ ಸಂಶೋಧಕರು 2019ರಲ್ಲಿ ವಿವರಿಸಿದ್ದಾರೆ. ಆದ್ದರಿಂದಲೇ ಆರಂಭದ ವಾರಗಳಲ್ಲಿ ನಾವು ರೋಗಿಯನ್ನು ಹತ್ತಿರದಿಂದ ನೋಡಿಕೊಳ್ಳುತ್ತೇವೆ.

ಕಡಿಮೆ ಪ್ರಮಾಣ ಎಂದರೆ ಬಡವರಿಗೆ ಕೊಡುವ ಅರೆಬರೆ ಚಿಕಿತ್ಸೆ ಎಂದು ದಯವಿಟ್ಟು ಭಾವಿಸಬೇಡಿ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಗುಣಪಡಿಸಲಾಗದ ಹಂತದ ತಲೆ-ಕತ್ತಿನ ಕ್ಯಾನ್ಸರ್ ಇದ್ದ 151 ಮಂದಿಯ ಮೇಲೆ ಇದರ ಪರೀಕ್ಷೆ ನಡೆದಿದೆ. ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಎಂಬ ಮೂರು ಮಾತ್ರೆಗಳನ್ನು ಎಲ್ಲರಿಗೂ ಕೊಟ್ಟು, ಅರ್ಧದಷ್ಟು ಮಂದಿಗೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್ ಸೇರಿಸಿದರು. ಒಂದು ವರ್ಷದ ನಂತರ ಬದುಕಿದ್ದವರು ಮಾತ್ರೆಯಷ್ಟೇ ಪಡೆದವರಲ್ಲಿ ಶೇ 16.3, ಇಂಜೆಕ್ಷನ್ ಸೇರಿದವರಲ್ಲಿ ಶೇ 43.4. ಎರಡು ವಾರಕ್ಕೊಮ್ಮೆ ಕೊಡುವ ಸಾಮಾನ್ಯ ಪ್ರಮಾಣ 240 ಮಿಲಿಗ್ರಾಂ ಎಂಬುದನ್ನು ನೆನೆದರೆ, ಕಬ್ಬಿನ ಬಾಕಿ ಹಣಕ್ಕೆ ಕಾಯುವ ಮನೆಗಳಿಗೆ ಈ ಅಂಕಿಗಳ ಬೆಲೆ ಏನೆಂದು ನಾನು ದಿನವೂ ಕಾಣುತ್ತಿದ್ದೇನೆ. ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಯಾವ ಖರ್ಚು ಸಿಗುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ ತಿಳಿದುಕೊಳ್ಳಿ.

ಇನ್ನು ಕಷಾಯ. ನಿಮ್ಮ ಅತ್ತಿಗೆಯವರಿಗೆ ಹೀಗೆ ಹೇಳಿ ನೋಡಿ: ಇಮ್ಯುನಿಟಿ ಎಂಬುದು ಒಂದೇ ಕೊಡದಲ್ಲಿ ತುಂಬಿಟ್ಟ ನೀರಲ್ಲ. ಐಎಲ್-2ನ್ನೇ ಔಷಧವಾಗಿ ದೊಡ್ಡ ಪ್ರಮಾಣದಲ್ಲಿ ಕೊಡುವುದಕ್ಕೆ 1992ರಲ್ಲಿ ಮೂತ್ರಪಿಂಡದ ಕ್ಯಾನ್ಸರಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದನ್ನೇ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಮೊದಲು ಹೆಚ್ಚುವುದು ನಿಯಂತ್ರಕ ಕೋಶಗಳು. ಒಂದೇ ವಸ್ತು, ಪ್ರಮಾಣ ಬದಲಾದರೆ ಫಲವೇ ತಿರುಗಿಬೀಳುತ್ತದೆ. ಹೀಗಿರುವಾಗ ಹೆಸರಿಲ್ಲದ ಪುಡಿ ಯಾವ ಕೋಶವನ್ನು ಬೆಳೆಸುತ್ತದೆಂದು ಯಾರು ಹೇಳಬಲ್ಲರು? ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದೂ ಉಂಟು. ಅಮೃತಬಳ್ಳಿಯ ವಿಷಯದಲ್ಲಿ, ಅದನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿನ ಉರಿಯೂತ ಕಂಡದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಇಮ್ಯುನೊಥೆರಪಿಯಿಂದಲೂ ಯಕೃತ್ತು ಊದಬಲ್ಲದು. ಕಷಾಯ, ಇಂಜೆಕ್ಷನ್ ಎರಡೂ ಒಟ್ಟಿಗೆ ನಡೆಯುತ್ತಿದ್ದರೆ ಕಾರಣ ಯಾವುದೆಂದು ತಿಳಿಯದೆ ಇಂಜೆಕ್ಷನ್ನನ್ನೇ ನಿಲ್ಲಿಸಬೇಕಾಗಿ ಬರುತ್ತದೆ. ಆದ್ದರಿಂದ ಸದ್ಯಕ್ಕೆ ಕಷಾಯ, ಪುಡಿ ಎರಡನ್ನೂ ನಿಲ್ಲಿಸಿ.

ಉತ್ತರ: ಶ್ರೀರಂಗಪಟ್ಟಣದಿಂದ ಒಬ್ಬ ಮಗಳು

ಸರ್, ನಮ್ಮ ಅಮ್ಮನಿಗೆ ಶ್ವಾಸಕೋಶದ ಕ್ಯಾನ್ಸರಿಗಾಗಿ ಇದೇ ಬಗೆಯ ಇಂಜೆಕ್ಷನ್ ನಡೆಯುತ್ತಿರುವುದರಿಂದ, ನಮಗಾದ ಅನುಭವ ನಿಮಗೆ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ. ಮೂರನೆಯ ಇಂಜೆಕ್ಷನ್ ಆದ ಹತ್ತು ದಿನಕ್ಕೆ ಅಮ್ಮನಿಗೆ ಭೇದಿ ಶುರುವಾಯಿತು. ಹಿಂದಿನ ದಿನ ಮದುವೆಮನೆಯ ಊಟ ಮಾಡಿದ್ದರಿಂದ ಅದೇ ಕಾರಣವೆಂದುಕೊಂಡು ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಇಂಜೆಕ್ಷನ್ನಿನ ವಿಷಯವನ್ನು ನಾವೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಓಆರ್‌ಎಸ್ ಮತ್ತು ಭೇದಿ ನಿಲ್ಲುವ ಮಾತ್ರೆಯಲ್ಲಿ ಐದು ದಿನ ಕಳೆದುಹೋಯಿತು. ಆರನೆಯ ದಿನ ಅಮ್ಮ ಮೇಲೇಳಲಾರದೆ ಹೋದಾಗ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿದೆವು. ಅವರು ಕೂಡಲೇ ಕರೆಸಿಕೊಂಡು ಪರೀಕ್ಷೆ ಮಾಡಿ, ಲಗಾಮು ಸಡಿಲವಾದ ಟಿ ಕೋಶಗಳು ಕರುಳಿನ ಮೇಲೆ ತಿರುಗಿಬಿದ್ದಿವೆ ಎಂದು ವಿವರಿಸಿ ಸ್ಟಿರಾಯ್ಡ್ ಕೊಟ್ಟರು. ಎರಡು ದಿನದಲ್ಲಿ ಅಮ್ಮ ಚೇತರಿಸಿಕೊಂಡರು. ಮೊದಲ ದಿನವೇ ಫೋನ್ ಮಾಡಿದ್ದರೆ ಅಮ್ಮ ಅಷ್ಟು ಬಳಲಬೇಕಾಗಿರಲಿಲ್ಲ ಎಂಬ ನೋವು ನನಗೆ ಇನ್ನೂ ಇದೆ.

ಆಮೇಲೆ ಥೈರಾಯ್ಡ್ ಗ್ರಂಥಿಯೂ ಮಂಕಾಗಿ, ಈಗ ದಿನಾ ಬೆಳಿಗ್ಗೆ ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಇಂಜೆಕ್ಷನ್ ಮುಂದುವರಿದಿದೆ. ಔಷಧದ ಹೆಸರು ಮತ್ತು ವೈದ್ಯರ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅಮ್ಮನ ಪರ್ಸಿನಲ್ಲಿ ಇಟ್ಟಿದ್ದೇನೆ. ನೀವೂ ಹಾಗೆ ಮಾಡಿ. ಭೇದಿ, ಒಣಕೆಮ್ಮು, ಉಬ್ಬಸ, ಮೈಮೇಲೆ ಗುಳ್ಳೆ, ವಿಪರೀತ ಸುಸ್ತು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ.

ಮದ್ದೂರಿನ ಮೇಷ್ಟ್ರು

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನೀರುಗಂಟಿಯ ಮಾತನ್ನು ಅತ್ತಿಗೆಯವರಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಅವನನ್ನು ಬೈದು ಪ್ರಯೋಜನವಿಲ್ಲ’ ಎಂದರು. ಪುಡಿಯ ಡಬ್ಬವನ್ನು ಅವರೇ ಎತ್ತಿಟ್ಟರು.

ಎರಡು ಸಂದೇಹ ಉಳಿದಿವೆ. ಅಣ್ಣನ ಬಯಾಪ್ಸಿಯ ತುಣುಕಿನಲ್ಲಿ ಫಾಕ್ಸ್‌ಪಿ3 ಪರೀಕ್ಷೆ ಮಾಡಿಸಬಹುದೇ? ಮತ್ತೊಂದು, ಅಣ್ಣನಿಗೆ ಎಂಟು ವರ್ಷಗಳಿಂದ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಬೆರಳ ಕೀಲುಗಳು ಊದಿದಾಗಲೆಲ್ಲ ಮಂಡ್ಯದಲ್ಲಿ ತೋರಿಸಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದು ಬೇರೆಯ ಕಾಯಿಲೆಯೆಂದು ಕ್ಯಾನ್ಸರ್ ವೈದ್ಯರಿಗೆ ನಾವು ಹೇಳಿಯೇ ಇರಲಿಲ್ಲ. ಮೇಲಿನ ಉತ್ತರಗಳನ್ನು ಓದಿದ ಮೇಲೆ ಭಯವಾಗುತ್ತಿದೆ.

ಕ್ಯಾನ್ಸರ್ ವಿಭಾಗದ ವೈದ್ಯ, ಮೈಸೂರು

ಫಾಕ್ಸ್‌ಪಿ3 ಪರೀಕ್ಷೆ ಸಂಶೋಧನೆಗೆ ಸೇರಿದ್ದು, ಅದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದಿಲ್ಲ. ದುಡ್ಡು ಖರ್ಚು ಮಾಡಬೇಡಿ. ಪಿಡಿ-1 ಬ್ರೇಕನ್ನು ಒತ್ತುವ ಪಿಡಿ-ಎಲ್1 ಎಂಬ ಪ್ರೋಟೀನಿನ ಪರೀಕ್ಷೆಯನ್ನು ಕೆಲವರಲ್ಲಿ ಮಾಡಿಸುತ್ತೇವೆ, ಅದು ಬೇಕೇ ಎಂದು ನಿಮ್ಮ ವೈದ್ಯರೇ ಹೇಳಲಿ.

ಎರಡನೆಯದು ನಿಜಕ್ಕೂ ಮುಖ್ಯವಾದ ಸಂಗತಿ. ರುಮಟಾಯ್ಡ್ ಕಾಯಿಲೆ ಎಂದರೆ ಕೀಲುಗಳ ಮಟ್ಟಿಗೆ ದೇಹದ ಲಗಾಮು ಮೊದಲೇ ಸಡಿಲವಾಗಿದೆ ಎಂದರ್ಥ. ಇಂಜೆಕ್ಷನ್ನಿನಿಂದ ಅದು ಕೆರಳಬಹುದು. ಆದರೆ ಅಷ್ಟಕ್ಕೇ ಚಿಕಿತ್ಸೆ ಕೈಬಿಡಬೇಕಾಗಿಲ್ಲ; ಅಂಥ ಅನೇಕರಿಗೆ ಎಚ್ಚರಿಕೆಯಿಂದ ಕೊಡುತ್ತೇವೆ, ಕೀಲು ಊದಿದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ನಮಗೆ ಗೊತ್ತಾಗಬೇಕಾದದ್ದು ಅವರು ಈಗ ಯಾವ ಮಾತ್ರೆ, ಎಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದಾರೆ ಎಂಬುದು. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ದಿನಕ್ಕೆ 10 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಇಮ್ಯುನೊಥೆರಪಿಯ ಫಲ ಕುಗ್ಗಬಹುದು. ಕೀಲುನೋವಿಗೆ ಮೆಥೊಟ್ರೆಕ್ಸೇಟನ್ನೂ ಕೊಡುವುದುಂಟು. ಕ್ಯಾನ್ಸರಿಗೆ ಬರೆಯುವ ಮಾತ್ರೆಗಳಲ್ಲಿಯೂ ಅದೇ ಇದ್ದರೆ ಗೊತ್ತಿಲ್ಲದೆ ಎರಡು ಪಾಲು ನುಂಗಿದಂತಾಗುತ್ತದೆ, ಅದು ಅಪಾಯ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಎಲ್ಲ ಚೀಟಿಗಳನ್ನೂ ತೆಗೆದುಕೊಂಡು ಮೊದಲ ಇಂಜೆಕ್ಷನ್ನಿಗೆ ಮುಂಚೆ ವೈದ್ಯರನ್ನು ಕಾಣಿ.

ಮದ್ದೂರಿನ ಮೇಷ್ಟ್ರು

ಸಂಜೆ ಅಣ್ಣನ ಮನೆಗೆ ಹೋಗಿ ಟ್ರಂಕಿನಲ್ಲಿದ್ದ ಚೀಟಿಗಳನ್ನೆಲ್ಲ ತೆಗೆಸಿ ನೋಡಿದೆ. ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ ದಿನಕ್ಕೊಂದು, ಮೆಥೊಟ್ರೆಕ್ಸೇಟ್ ವಾರಕ್ಕೊಂದು ದಿನ ಎಂದು ಬರೆದಿದೆ. ನೀವು ಹೇಳಿದ್ದೇ ಆಗಿದೆ. ಆಸ್ಪತ್ರೆಗೆ ಫೋನ್ ಮಾಡಿ ವಿಷಯ ತಿಳಿಸಿದಾಗ, ಸೋಮವಾರದ ಇಂಜೆಕ್ಷನ್ನನ್ನು ಸದ್ಯಕ್ಕೆ ತಡೆಹಿಡಿದು, ಅದೇ ದಿನ ಬೆಳಿಗ್ಗೆ ಎಲ್ಲ ಚೀಟಿ ಮತ್ತು ಮಾತ್ರೆಗಳೊಂದಿಗೆ ಬರಲು ಹೇಳಿದ್ದಾರೆ. ಅತ್ತಿಗೆಯವರು ಪುಡಿಯ ಡಬ್ಬವನ್ನೂ ಚೀಲಕ್ಕೆ ಹಾಕಿದ್ದಾರೆ, ವೈದ್ಯರಿಗೆ ತೋರಿಸಬೇಕಂತೆ.